ಕನ್ನಡಕದಂಗಡಿಯವನು ಹ್ಯಾಮ್‌ಸ್ಟರ್ ಆರಿಸಿದ್ದು

ಆ ಬೀದಿಯಲ್ಲಿ ಅವನ ಹೆಸರು ಹೇಳಿ ಕೇಳಿದರೆ ಯಾರೂ ಮನೆ ತೋರಿಸುತ್ತಿರಲಿಲ್ಲ. ‘ಇದಾ-ಅದಾ’ ಎಲ್ಲಿ ಅಂತ ಕೇಳಿ ನೋಡಿ, ಅಂಗಡಿ ಮೆಟ್ಟಿಲ ಮೇಲೆ ಮಲಗಿದ್ದ ನಾಯಿ ಕೂಡ ಎದ್ದು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು.

ಹೆಸರು ಬಂದದ್ದು ಕಸುಬಿನಿಂದ. ಕನ್ನಡಕದಂಗಡಿ ಅವನದು. ಹಿಂದೆ ಕಪ್ಪು ಪರದೆ ಎಳೆದ ಪುಟ್ಟ ಕೋಣೆ, ಅದರಲ್ಲೊಂದು ಎತ್ತರದ ಕುರ್ಚಿ, ಎದುರು ಗೋಡೆಗೆ ಬೆಳಕು ಬಿಟ್ಟ ಅಕ್ಷರದ ಹಲಗೆ, ಪಕ್ಕದಲ್ಲಿ ಮರದ ಪೆಟ್ಟಿಗೆಯ ತುಂಬ ದುಂಡನೆಯ ಗಾಜುಗಳು. ಬಂದವರ ಮೂಗಿನ ಮೇಲೆ ಭಾರದ ಪರೀಕ್ಷೆ ಫ್ರೇಮು ಏರಿಸುವನು. ಒಂದು ಗಾಜು ಹಾಕಿ “ಇದಾ?” ಅನ್ನುವನು. ತೆಗೆದು ಇನ್ನೊಂದು ಹಾಕಿ “ಅದಾ?” ಅನ್ನುವನು. ಮತ್ತೆ ಮೊದಲಿನದು. ಮತ್ತೆ ಎರಡನೆಯದು. ಕುರ್ಚಿಯಲ್ಲಿ ಕೂತವರು ಬೆವರಿ, ಗೊಂದಲಗೊಂಡು, ಎಲ್ಲಿ ತಪ್ಪು ಉತ್ತರ ಕೊಟ್ಟು ನಾಪಾಸಾಗುತ್ತೇವೋ ಅಂತ ಹೆದರಿ, ಕೊನೆಗೆ ಸೋತ ದನಿಯಲ್ಲಿ “ಎರಡೂ ಒಂದೇ ಥರ ಕಾಣ್ತಿದೆ ಕಣ್ರೀ” ಅನ್ನುವರು.

ಆಗ ನೋಡಬೇಕು ಅವನ ಮುಖ! ದೀಪ ಹಚ್ಚಿದ ಹಾಗೆ ಆಗುತ್ತಿತ್ತು.

“ಅಷ್ಟೇ! ಅದೇ ಮಾತಿಗೆ ಕಾಯ್ತಿದ್ದೆ. ಎರಡೂ ಒಂದೇ ಥರ ಕಂಡ್ರೆ ನಂಬರ್ ಸಿಕ್ತು ಅಂತ. ಇನ್ನು ನಿಲ್ಲಿಸಬೇಕು. ಅದರಾಚೆಗೂ ಹುಡುಕ್ತಾ ಹೋಗೋದು ಹುಚ್ಚು.”

ಬಂಗಾರದಂಥ ಮಾತು. ಆದರೆ ಆ ಬಂಗಾರವನ್ನು ಅವನು ಪರದೆಯ ಒಳಗೇ ಬಿಟ್ಟು ಮನೆಗೆ ಬರುತ್ತಿದ್ದ. ಮನೆಯಲ್ಲಿ ಅವನಿಗೆ ಎರಡೂ ಒಂದೇ ಥರ ಕಂಡದ್ದೇ ಇಲ್ಲ. ಬಚ್ಚಲಿಗೆ ಬಕೆಟ್ ತರುವುದಿದ್ದರೆ ನೀಲಿಯದನ್ನೂ ಹಸಿರಿನದನ್ನೂ ತಂದು, ಎರಡರಲ್ಲೂ ಸ್ನಾನ ಮಾಡಿ, ನೀರು ಯಾವುದರಲ್ಲಿ ಹೆಚ್ಚು ಹೊತ್ತು ಬೆಚ್ಚಗಿರುತ್ತೆ ಅಂತ ಬೆರಳದ್ದಿ ಕೂತಿರುವ ಗಿರಾಕಿ. ಬಾಗಿಲಿಗೆ ಚಿಲಕ ಆರಿಸುವುದು ಮುಗಿಯುವವರೆಗೂ ಹಿತ್ತಿಲ ಬಾಗಿಲನ್ನು ಹಗ್ಗದಲ್ಲಿ ಕಟ್ಟಿಟ್ಟಿದ್ದರು. ಆ ಹಗ್ಗ ಇವತ್ತಿಗೂ ಅಲ್ಲೇ ಇದೆ.

ಅವನ ಹೆಂಡತಿ ಎದುರು ಸಾಲಿನಲ್ಲಿ ಹೆಂಗಸರಿಗೆ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಳು. ಕತ್ತರಿ ಹಿಡಿದ ಕೈ. ಒಂದು ಸಲ ಕಚಕ್ ಅಂದರೆ ಮುಗಿಯಿತು, ಕೂದಲು ನೆಲದ ಮೇಲೆ. ಕತ್ತರಿಸಿಕೊಂಡವರು ಕನ್ನಡಿಯಲ್ಲಿ ಅತ್ತರೂ ಅಷ್ಟೇ, ನಕ್ಕರೂ ಅಷ್ಟೇ. ಗಿರಾಕಿಗಳ ಎದುರು ಅವಳು ಹೇಳಿಕೊಳ್ಳುತ್ತಿದ್ದ ಒಂದು ಮಾತಿತ್ತು: “ನಮ್ಮಮ್ಮಂಗೆ ನಾನೊಬ್ಳೇ ಮಗಳು, ಬಚಾವಾದೆ. ಇನ್ನೊಬ್ಳು ತಂಗಿ ಇದ್ದಿದ್ರೆ ನಮ್ಮನೆ ಜಗುಲಿ ಮೇಲೆ ಈಗಲೂ ಕೂತು ಇದಾ ಅದಾ ಅಂತಿರೋರು ನಮ್ಮ ಯಜಮಾನ್ರು.”

ಇವರಿಬ್ಬರಿಗೂ ಒಬ್ಬಳು ಮಗಳು. ಗುಬ್ಬಿ ಅಂತ ಕರೆಯುತ್ತಿದ್ದರು. ಕನ್ನಡಕದಂಗಡಿಯವನ ಮಗಳಿಗೆ ಕಣ್ಣು ಮಂದ ಅಂತ ಕಂಡುಹಿಡಿದದ್ದು ಅವನಲ್ಲ, ಮೂರನೇ ಕ್ಲಾಸಿನ ಟೀಚರು. ಬೋರ್ಡು ಓದು ಅಂದರೆ ಹುಡುಗಿ ಪಕ್ಕದವಳ ಪುಸ್ತಕ ನೋಡಿ ಓದುತ್ತಿದ್ದಳಂತೆ. ಊರಿನವರ ಕಣ್ಣೆಲ್ಲ ನೋಡಿದ ಮಹಾನುಭಾವ ತನ್ನ ಮನೆಯ ಎರಡು ಕಣ್ಣು ನೋಡಿರಲಿಲ್ಲ. ಅವತ್ತು ಪರದೆಯೊಳಗೆ ಗುಬ್ಬಿಯನ್ನು ಕೂರಿಸಿ ಗಾಜಿನ ಮೇಲೆ ಗಾಜು ಹಾಕುತ್ತಲೇ ಹೋದ. ಗಾಜು ದಪ್ಪವೇ ಬಂತು.

ಕನ್ನಡಕ ಹಾಕಿಕೊಂಡು ಕನ್ನಡಿ ನೋಡಿದ ಗುಬ್ಬಿ ಗೊಳೋ ಅಂದಳು. “ನನ್ನ ಕಣ್ಣು ಮೀನಿನ ಕಣ್ಣು ಥರ ಕಾಣುತ್ತೆ! ನಾನು ಹಾಕ್ಕೊಳ್ಳಲ್ಲ!”

ಅಪ್ಪ ಮಂಡಿಯೂರಿ ಕೂತ. “ಪರೀಕ್ಷೆ ಮುಗಿಯೋವರೆಗೂ ತೆಗೀದೇ ಹಾಕ್ಕೋ ನನ್ನವ್ವ. ರಜಾ ಬಂದ ದಿನ ನೀನು ಯಾವ ಪ್ರಾಣಿ ಕೇಳ್ತೀಯೋ ಅದನ್ನ ತಂದುಕೊಡ್ತೀನಿ. ಆಣೆ.”

“ಯಾವುದಾದ್ರೂ?”

“ಆನೆ ಒಂದು ಬಿಟ್ಟು.”

ಹುಡುಗಿ ಮಾತು ಉಳಿಸಿಕೊಂಡಳು. ಕ್ಲಾಸಿನಲ್ಲಿ ‘ಸೋಡಾ ಬಾಟ್ಲು’ ಅನ್ನಿಸಿಕೊಂಡಳು, ಓಟದ ಆಟದಲ್ಲಿ ಕನ್ನಡಕ ಜಾರಿದರೆ ದಾರ ಕಟ್ಟಿಕೊಂಡು ಓಡಿದಳು, ಆದರೂ ತೆಗೆಯಲಿಲ್ಲ. ರಜಾ ಬಂದ ದಿನ ಅಂಗಡಿಯ ಬಾಗಿಲಲ್ಲಿ ನಿಂತು, “ಅಪ್ಪಾ, ನಂಗೆ ಹ್ಯಾಮ್‌ಸ್ಟರ್ ಬೇಕು” ಅಂದಳು.

ಹ್ಯಾಮ್‌ಸ್ಟರ್ ಅಂದರೆ ಇಲಿಯ ದಾಯಾದಿ. ಮುಷ್ಟಿಯಲ್ಲಿ ಹಿಡಿಸುವಷ್ಟು, ದುಂಡಗೆ, ಕೆನ್ನೆಯೊಳಗೇ ಚೀಲ ಇಟ್ಟುಕೊಂಡು ಕಾಳು ತುಂಬಿಕೊಳ್ಳುವ ಸಂಸಾರಸ್ಥ ಪ್ರಾಣಿ.

“ನಾಯಿ, ಬೆಕ್ಕು ಬಿಟ್ಟು ಅದ್ಯಾಕೆ?”

“ಅದಕ್ಕೂ ದೂರದ್ದು ಕಾಣಲ್ವಂತೆ ಅಪ್ಪ. ನನ್ನ ಥರ. ಮೂಸಿ ನೋಡಿ ಗುರುತು ಹಿಡಿಯುತ್ತಂತೆ. ನನ್ನ ಕನ್ನಡಕ ನೋಡಿ ಅದು ನಗಲ್ಲ.”

ಇಂಥ ಮಾತು ಕೇಳಿದ ಯಾವ ಅಪ್ಪನಾದರೂ ಅಂಗಡಿ ಬಾಗಿಲು ಎಳೆದು ಆ ಕ್ಷಣ ಓಡುತ್ತಿದ್ದ. ಇವನೂ ಓಡಿದ. ಆದರೆ ಓಡಿ ಹೋಗಿ ನಿಂತಲ್ಲಿ ನಿಂತುಬಿಟ್ಟ.

ಪ್ರಾಣಿಗಳ ಅಂಗಡಿ ಎರಡು ಬೀದಿ ಆಚೆ. ನಡೆಸುತ್ತಿದ್ದವಳು ಒಬ್ಬ ದಪ್ಪ ಅಕ್ಕ. ಮರದ ಹೊಟ್ಟಿನ ಧೂಳು ಅವಳ ಮೂಗಿಗೆ ಆಗುತ್ತಿರಲಿಲ್ಲ, ಇಡೀ ಅಂಗಡಿ ತುಂಬ ಇದ್ದದ್ದು ಮರದ ಹೊಟ್ಟೇ. ಹಾಗಾಗಿ ಸೀನುತ್ತ ಮಾತಾಡುವುದು, ಮಾತಾಡುತ್ತ ಸೀನುವುದು.

ಗುಬ್ಬಿ ಒಳಗೆ ಕಾಲಿಟ್ಟವಳೇ ಒಂದು ಗಾಜಿನ ತೊಟ್ಟಿಯ ಮುಂದೆ ಕೂತು, ಮೂಗು ಒತ್ತಿದಳು. ಒಳಗಿನಿಂದ ಚಿನ್ನದ ಬಣ್ಣದ ಒಂದು ಹ್ಯಾಮ್‌ಸ್ಟರ್ ಎದ್ದು ಬಂದು ಆ ಕಡೆಯಿಂದ ಮೂಗು ಒತ್ತಿತು.

“ಇದೇ” ಅಂದಳು ಗುಬ್ಬಿ.

ಅಪ್ಪ ನಕ್ಕ. “ಹುಚ್ಚುಡುಗಿ. ಮೊದಲನೇ ಗಾಜಿಗೇ ಯಾರಾದ್ರೂ ನಂಬರ್ ಹೇಳ್ತಾರಾ? ಅಕ್ಕಾ, ಇನ್ನೂ ಯಾವ ಯಾವ ಜಾತಿ ಇದೆ?”

ಅದೇ ತಪ್ಪಾಯಿತು ನೋಡಿ. ಅಕ್ಕ ಸೀನಿಕೊಂಡು ಹೇಳುತ್ತ ಹೋದಳು. ಇದು ಸಿರಿಯನ್, ಎಲ್ಲದಕ್ಕಿಂತ ದೊಡ್ಡದು, ಕೈಯಲ್ಲಿ ಹಿಡಿಯೋಕೆ ಸಲೀಸು, ಒಂಟಿಯಾಗೇ ಇಡಬೇಕು. ಆ ಮೂಲೆಯಲ್ಲಿರೋದು ರೋಬೊ, ಹೆಬ್ಬೆರಳಿನಷ್ಟೇ ಇದ್ದರೂ ಓಡಿದರೆ ಕಣ್ಣಿಗೆ ಸಿಗಲ್ಲ. ಇದು ವಿಂಟರ್ ವೈಟ್, ಚಳಿಗಾಲದಲ್ಲಿ ಬೆಳ್ಳಗಾಗುತ್ತೆ. ಇದು ಚೈನೀಸ್, ಬೇರೆಯವಕ್ಕಿಂತ ಬಾಲ ಉದ್ದ.

ಕನ್ನಡಕದಂಗಡಿಯವನ ಕಣ್ಣು ಅರಳಿತು. ಹಸಿದವನ ಮುಂದೆ ಎಲೆ ಹಾಕಿ ಬಡಿಸಿದ ಹಾಗೆ.

“ಎರಡೆರಡಾಗಿ ನೋಡೋಣ” ಅಂದ.

ಮೊದಲು ಸಿರಿಯನ್ನಾ, ರೋಬೊನಾ? ರೋಬೊ ಒಂದು ಕ್ಷಣ ನಿಂತರೆ ತಾನೇ ಹೋಲಿಸುವುದು? ಇವನು “ಇದಾ?” ಅನ್ನುವುದರೊಳಗೆ ಅದು ಅಲ್ಲಿಗೆ ಹೋಗಿ ‘ಅದು’ ಆಗಿರುತ್ತಿತ್ತು. ಕತ್ತು ಅತ್ತ ಇತ್ತ ತಿರುಗಿಸಿ ನೋವು ಬಂದು ಅವತ್ತಿಗೆ ಸಾಕು ಅಂತ ಮನೆಗೆ ಬಂದರು. ಇನ್ನೊಂದು ವಾರ ಮಧ್ಯಾಹ್ನ ಹೋದರೆ ಎಲ್ಲವೂ ಹೊಟ್ಟಿನೊಳಗೆ ಹೂತುಕೊಂಡು ನಿದ್ದೆ. “ಅವು ಸಂಜೆ ಮೇಲೆ ಏಳೋ ಜನ ಸಾರ್” ಅಂದಳು ಅಕ್ಕ. ಸಂಜೆ ಹೋದರೆ ಇವನಿಗೆ ಬೆಳಕು ಸಾಲದು. ಬೆಳಕು ಸರಿಯಿಲ್ಲದೆ ಹೋಲಿಕೆ ಮಾಡಿದರೆ ಕಸುಬಿಗೆ ಅವಮಾನ.

ವಿಂಟರ್ ವೈಟ್ ವಿಷಯ ಬಂದಾಗಂತೂ ಕೇಳಬೇಡಿ. ಬೇಸಿಗೆಯಲ್ಲಿ ಬೂದು, ಚಳಿಗೆ ಬಿಳಿ. ಎರಡೂ ಬಣ್ಣ ನೋಡದೆ ಒಂದನ್ನು ಒಪ್ಪುವುದು ಹೇಗೆ? ಚಳಿಗಾಲ ಬರಲಿ ಅಂತ ಕಾದ. ಚಳಿಗಾಲ ಬಂತು. ಅಂಗಡಿಯಲ್ಲಿ ಹಗಲೂ ರಾತ್ರಿ ದೀಪ ಉರಿಯುತ್ತಿದ್ದರಿಂದ ಆ ಪ್ರಾಣಿಗೆ ಚಳಿಗಾಲ ಬಂದದ್ದೇ ಗೊತ್ತಾಗದೆ ಬೂದು ಬಣ್ಣದಲ್ಲೇ ಕಾಳು ತಿನ್ನುತ್ತ ಕೂತಿತ್ತು. “ಮುಂದಿನ ಚಳಿಗಾಲ ನೋಡೋಣ” ಅಂದ ಅಪ್ಪ.

ಕೊನೆಗೆ ಚಿಂತೆ ಪರದೆಯೊಳಕ್ಕೂ ನುಗ್ಗಿತು. ಡ್ರೈವಿಂಗ್ ಕಲಿಸುವ ಮೇಷ್ಟ್ರೊಬ್ಬರು ಕಣ್ಣು ತೋರಿಸಲು ಬಂದು ಕೂತಿದ್ದರು. ಇವನು ಗಾಜು ಕೈಯಲ್ಲಿ ಹಿಡಿದೇ ಕೇಳಿದ: “ಮೇಷ್ಟ್ರೇ, ಬಾಲ ಇರೋದು ಚೆನ್ನಾ, ಇಲ್ದೇ ಇರೋದು ಚೆನ್ನಾ?”

ಮೇಷ್ಟ್ರು ಅಕ್ಷರದ ಹಲಗೆಯನ್ನೇ ದಿಟ್ಟಿಸಿ ನೋಡಿದರು. “ಯಾವ ಸಾಲಿನಲ್ರೀ? ನಂಗೆ ಬಾಲಾನೇ ಕಾಣ್ತಿಲ್ಲ. ಅಷ್ಟು ಕೆಟ್ಟಿದೆಯಾ ನನ್ನ ಕಣ್ಣು?”

ಪಾಪ, ಅವರು ಆ ವಾರವೆಲ್ಲ ಗಾಡಿ ಓಡಿಸಲಿಲ್ಲವಂತೆ.

ಹೀಗೇ ರಜಾ ಮುಗಿಯಿತು, ಶಾಲೆ ಶುರುವಾಯಿತು, ಮತ್ತೆ ರಜಾ ಬಂತು. ಗುಬ್ಬಿಯ ಐದನೇ ಕ್ಲಾಸೂ ಮುಗಿಯುತ್ತ ಬಂತು. ಪ್ರತಿ ಸಲ ಅಪ್ಪ ಅಂಗಡಿಯ ಆ ಗೋಡೆಯಿಂದ ಈ ಗೋಡೆಗೆ ಓಡಾಡುವಾಗ ಅವಳು ಮಾತ್ರ ಆ ಚಿನ್ನದ ಬಣ್ಣದ ಸಿರಿಯನ್ ಮುಂದೆ ಕೂತು ಸೂರ್ಯಕಾಂತಿ ಬೀಜ ಕೊಡುತ್ತಿದ್ದಳು. ಅದು ಬೆರಳು ಮೂಸಿ, ಬೀಜ ಕೆನ್ನೆಗೆ ತುರುಕಿ, ಮತ್ತೆ ಬರುತ್ತಿತ್ತು. ಮನೆಗೆ ತರದೆ ಸಾಕಿದ ಪ್ರಾಣಿ ಅದು.

“ರೀ, ಮಗು ಕೇಳಿದ್ದು ಹ್ಯಾಮ್‌ಸ್ಟರ್. ನೀವು ಅಳಿಯನ್ನ ಹುಡುಕ್ತಾ ಇದೀರಲ್ಲ” ಅಂದಳು ಹೆಂಡತಿ ಒಂದು ದಿನ.

“ಜೀವ ಕಣೇ ಅದು. ಬಕೆಟ್ ಅಲ್ಲ. ಯೋಚನೆ ಮಾಡಬೇಡ್ವಾ?”

“ಬಕೆಟ್ಟಿಗೂ ಇಷ್ಟೇ ಯೋಚನೆ ಮಾಡಿದ್ರಿ.”

ಒಂದು ಭಾನುವಾರ ಅಪ್ಪ ಮಗಳು ಹೋದಾಗ ಆ ತೊಟ್ಟಿ ಖಾಲಿಯಾಗಿತ್ತು. ತೊಳೆದು ಬೋರಲು ಹಾಕಿದ್ದರು. ಗುಬ್ಬಿ ಬೀಜದ ಪೊಟ್ಟಣ ಹಿಡಿದೇ ನಿಂತಳು.

“ಅದನ್ನ ಯಾರಿಗೆ ಕೊಟ್ಟುಬಿಟ್ರಿ ಆಂಟಿ?”

ಅಕ್ಕ ಸೀನಲಿಲ್ಲ. ಅವತ್ತೊಂದು ದಿನ ಅವಳ ಮೂಗು ಸುಮ್ಮನಿತ್ತು. “ಯಾರಿಗೂ ಕೊಡಲಿಲ್ಲ ಕಂದ. ಕೇಳಿದೋರು ಬೇಕಾದಷ್ಟು ಜನ. ಈ ಮಗು ಇದನ್ನೇ ನೋಡೋಕೆ ಬರುತ್ತೆ, ಇವತ್ತಲ್ಲ ನಾಳೆ ಒಯ್ಯುತ್ತೆ ಅಂತ ಇಟ್ಟುಕೊಂಡಿದ್ದೆ. ವಯಸ್ಸಾಗಿತ್ತು. ನಿದ್ದೇಲೇ ಹೋಯ್ತು.”

“ವಯಸ್ಸಾಗಿತ್ತಾ?” ಅಂದ ಅಪ್ಪ. “ಮೊನ್ನೆ ಮೊನ್ನೆ ಮರಿ ಇದ್ದ ಹಾಗಿತ್ತು.”

“ಸಾರ್, ಅವುಗಳ ಆಯಸ್ಸೇ ಎರಡು ವರ್ಷ, ಎರಡೂವರೆ. ನೀವು ಇದಾ ಅದಾ ಅಂತ ಶುರು ಮಾಡಿದಾಗ ಅದು ಮರೀನೇ. ನೀವು ಆರಿಸೋದ್ರೊಳಗೆ ಒಂದು ತುಂಬು ಜೀವನ ಮಾಡಿಕೊಂಡು ಹೋಯ್ತು.”

ಗುಬ್ಬಿ ಅಳಲಿಲ್ಲ. ಅತ್ತಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಅವಳು ಕನ್ನಡಕ ತೆಗೆದಳು, ಮಡಚಿದಳು, ಅಪ್ಪನ ಅಂಗಿಯ ಜೇಬಿಗೆ ಹಾಕಿದಳು.

“ಇದ್ಯಾಕವ್ವ?”

“ನಾನು ನನ್ನ ಮಾತು ಉಳಿಸಿಕೊಂಡೆ. ನೀನು ಉಳಿಸ್ಕೊಂಡ ದಿನ ವಾಪಸ್ ಕೊಡು. ಈಗ ನಂಗೆ ನೋಡೋಕೆ ಏನೂ ಇಲ್ಲ.”

ಅಲ್ಲಿಂದ ಶುರುವಾಯಿತು ನೋಡಿ ಅವನ ಗ್ರಹಚಾರ. ಹುಡುಗಿ ಕನ್ನಡಕ ಇಲ್ಲದೆ ಶಾಲೆಗೆ ಹೋದಳು. ತರಕಾರಿ ಗಾಡಿಗೆ ಡಿಕ್ಕಿ ಹೊಡೆದಳು. ಯಾರದೋ ತಾತನನ್ನು ತನ್ನ ತಾತ ಅಂದುಕೊಂಡು ಕೈ ಹಿಡಿದು ಬೀದಿ ದಾಟಿದಳು. ಆ ತಾತ ಈ ಕಡೆಯಿಂದ ಆ ಕಡೆಗೆ ಹೋಗಬೇಕಾದವರೇ ಅಲ್ಲ. ಒಂದು ದಿನ ಹಣೆಯ ಮೇಲೆ ಬುಗುಟು ಎಬ್ಬಿಸಿಕೊಂಡು ಬಂದಳು. ಡಿಕ್ಕಿ ಹೊಡೆದದ್ದು ಯಾವುದಕ್ಕೆ? ಅಪ್ಪನ ಅಂಗಡಿಯ ಮುಂದೆ ನಿಲ್ಲಿಸಿದ್ದ, ಆಳೆತ್ತರದ ಕನ್ನಡಕದ ಚಿತ್ರ ಬರೆದ ಬೋರ್ಡಿಗೆ. ಎದುರು ಸಾಲಿನ ಹೆಂಗಸರೆಲ್ಲ ತಲೆಗೆ ಬಟ್ಟೆ ಸುತ್ತಿಕೊಂಡೇ ಹೊರಗೆ ಬಂದು ನೋಡಿದರು.

“ಅವಳಪ್ಪನ ಕೈಲೇ ಅವಳ ಕಣ್ಣು ಸರಿ ಮಾಡೋಕಾಗಲಿಲ್ವಂತೆ, ಇನ್ನು ನಮ್ಮದೇನು ಮಾಡ್ತಾನೆ” ಅಂತ ಒಬ್ಬಳು ಅಂದಳು. ಅದು ಬೀದಿಯ ತುದಿ ಮುಟ್ಟುವುದರೊಳಗೆ ‘ಅವನು ಕೊಟ್ಟ ಕನ್ನಡಕದಿಂದಲೇ ಮಗುವಿಗೆ ಕಣ್ಣು ಹೋಯಿತಂತೆ’ ಅಂತ ಆಗಿತ್ತು.

ಅವತ್ತು ಹೆಂಡತಿ ಕತ್ತರಿ ಹಿಡಿದುಕೊಂಡೇ ಅಂಗಡಿಗೆ ಬಂದಳು. “ಸಾಯಂಕಾಲದೊಳಗೆ ಹ್ಯಾಮ್‌ಸ್ಟರ್ ಮನೇಲಿರಬೇಕು. ಇಲ್ದಿದ್ರೆ ನೀವು ಮಲಗಿದಾಗ ನಿಮ್ಮ ಮೀಸೆ ಒಂದು ಕಡೆ ತೆಗೆದುಬಿಡ್ತೀನಿ. ಆಮೇಲೆ ಕೂತು ನೋಡ್ತಿರಿ ಕನ್ನಡೀಲಿ, ಇದಾ ಅದಾ ಅಂತ.”

ಹೋದ. ಪುಣ್ಯಕ್ಕೆ ಜಾತಿ ಅಂತೂ ನಿಶ್ಚಯವಾಗಿತ್ತು. ಎರಡು ವರ್ಷ ತೂಗಿ ತೂಗಿ ಅವನು ಬಂದು ಸೇರಿದ ತೀರ್ಮಾನ ಏನಪ್ಪಾ ಅಂದರೆ, ಹುಡುಗಿಯ ಕೈಗೆ ಸಿರಿಯನ್ನೇ ಸರಿ. ಮೊದಲನೇ ದಿನ ಮಗಳು ಮೂಗು ಒತ್ತಿ ಹೇಳಿದ್ದು ಅದನ್ನೇ ತಾನೇ ಅಂತ ನೀವು ಕೇಳಬಹುದು. ಅವನು ಕೇಳಿಕೊಳ್ಳಲಿಲ್ಲ.

ಆದರೆ ಸಿರಿಯನ್ನಲ್ಲಿ ಯಾವುದು? ಅಂಗಡಿಯಲ್ಲಿ ಎರಡಿದ್ದವು. ಒಂದು ಚಿನ್ನದ ಬಣ್ಣ, ಇನ್ನೊಂದು ಕೆನೆ ಬಣ್ಣ. ತೀರಿಕೊಂಡದ್ದರ ತಮ್ಮನ ಮೊಮ್ಮಕ್ಕಳಂತೆ. ಅವನು ಅತ್ತ ನೋಡಿದ, ಇತ್ತ ನೋಡಿದ, ಕೈ ಮುಗಿದ.

“ಅಕ್ಕಾ, ಎರಡನ್ನೂ ಕೊಡಿ. ನಾವು ಕನ್ನಡಕದ ಫ್ರೇಮು ಎರಡು ಕೊಟ್ಟು ಮನೇಲಿ ತೋರಿಸಿಕೊಂಡು ಬನ್ನಿ ಅಂತೀವಲ್ಲ, ಹಾಗೆ. ಬೆಳಿಗ್ಗೆ ಒಂದನ್ನ ತಂದುಬಿಡ್ತೀನಿ.”

ಅಕ್ಕನಿಗೆ ಅವನ ಮುಖ ನೋಡಿ ಅಯ್ಯೋ ಅನ್ನಿಸಿತೋ, ಇವನು ತೊಲಗಿದರೆ ಸಾಕು ಅನ್ನಿಸಿತೋ, ಒಳಗಿನದು ಕಾಣುವಂಥ ಎರಡು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಕೊಟ್ಟಳು. “ಎರಡನ್ನೂ ಒಟ್ಟಿಗೆ ಮಾತ್ರ ಬಿಡಬೇಡಿ ಸಾರ್. ಇವು ಒಂಟಿ ಜೀವ. ಜೊತೆಗೆ ಬಿಟ್ರೆ ಕಚ್ಚಾಡ್ತವೆ.”

“ಗೊತ್ತು ಗೊತ್ತು” ಅಂದ.

ಗೊತ್ತಿತ್ತು, ಸುಳ್ಳಲ್ಲ. ಆದರೆ ಪರದೆಯ ಕೋಣೆಗೆ ತಂದು, ಎತ್ತರದ ಕುರ್ಚಿಯ ಮೇಲೆ ಒಂದು ಡಬ್ಬಿ, ಮೇಜಿನ ಮೇಲೆ ಇನ್ನೊಂದು ಡಬ್ಬಿ ಇಟ್ಟು ನೋಡಿದರೆ, ಛೆ, ಏನೋ ಸರಿಯಿಲ್ಲ. ಇದರ ಮೇಲೆ ಬೆಳಕು ಹೆಚ್ಚು, ಅದರ ಮೇಲೆ ಕಡಿಮೆ. ಒಂದು ಹತ್ತಿರ, ಒಂದು ದೂರ. ಒಂದೇ ಫ್ರೇಮಿನಲ್ಲಿ ಕೂರಿಸದೆ ಎರಡು ಗಾಜು ಹೋಲಿಸುವ ಕನ್ನಡಕದವನು ಎಲ್ಲಾದರೂ ಉಂಟೆ? ಒಂದೇ ಒಂದು ನಿಮಿಷ ತಾನೇ, ಅಂದುಕೊಂಡ. ಅಕ್ಕ ಜೊತೆಗೆ ಕೊಟ್ಟುಕಳಿಸಿದ್ದ ಹೊಸ ಗಾಜಿನ ತೊಟ್ಟಿಯನ್ನು ದೀಪದ ಕೆಳಗೆ ಸರಿಯಾಗಿ ನಡುವಿಗೆ ಎಳೆದು, ಎರಡನ್ನೂ ಒಳಗೆ ಬಿಟ್ಟು, ಕೈ ಕಟ್ಟಿ ನಿಂತ.

“ಗುಬ್ಬೀ, ಬಾರವ್ವ. ಬಂದು ಹೇಳು. ಇದಾ, ಅ...”

‘ಅದಾ’ ಅನ್ನುವುದು ಬಾಯಲ್ಲೇ ಉಳಿಯಿತು. ಎರಡೂ ಒಂದರ ಮೇಲೊಂದು ಬಿದ್ದು ಉಂಡೆಯಾಗಿ ಹೊರಳಿದವು. ಚೀರಾಟ, ಹೊಟ್ಟು ಸೂರಿಗೆ ಹಾರಿತು. ಬಿಡಿಸಲು ಕೈ ಹಾಕಿದ ಅಪ್ಪನ ಬೆರಳಿಗೆ ಯಾವುದೋ ಒಂದು ಹಲ್ಲು ಊರಿತು. ಇದೋ ಅದೋ ಅಂತ ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಗುಬ್ಬಿ ಪರದೆ ಸರಿಸಿಕೊಂಡು ಓಡಿ ಬಂದಳು. ಅವಳಿಗೆ ಕಂಡದ್ದು ಕುಣಿಯುವ ಒಂದು ಮಸಕು ಮುದ್ದೆ ಅಷ್ಟೆ. “ಕನ್ನಡಕ! ಅಪ್ಪಾ, ನನ್ನ ಕನ್ನಡಕ ಕೊಡು!” ಅಪ್ಪನ ಜೇಬಿಗೆ ತಾನೇ ಕೈ ಹಾಕಿ ಕಿತ್ತುಕೊಂಡು ಮೂಗಿಗೇರಿಸಿದಳು. ಹತ್ತಿರದ ಅಕ್ಷರ ಓದಿಸುವ ದಪ್ಪ ರಟ್ಟು ಮೇಜಿನ ಮೇಲಿತ್ತು. ಅದನ್ನೆತ್ತಿ ಎರಡರ ನಡುವೆ ಗೋಡೆಯ ಹಾಗೆ ಸರ್ರನೆ ಇಳಿಸಿದಳು. ಹಿಂದಿನಿಂದ ಬಂದ ಅಮ್ಮ ಕೆನೆ ಬಣ್ಣದ್ದರ ಮೇಲೆ ಟವೆಲ್ ಎಸೆದು ಎತ್ತಿ ಡಬ್ಬಿಗೆ ಹಾಕಿದಳು. ಆಯಿತು, ಕಚಕ್ ಅಂದ ಹಾಗೆ ಮುಗಿಯಿತು.

ಚಿನ್ನದ ಬಣ್ಣದ್ದು ಮೂಲೆಯಲ್ಲಿ ಏದುಸಿರು ಬಿಡುತ್ತ ಕೂತಿತ್ತು. ಒಂದು ಕಿವಿಯ ತುದಿ ಹರಿದು ಒಂದು ಹನಿ ರಕ್ತ ನಿಂತಿತ್ತು.

ಅಪ್ಪ ಬೆರಳು ಬಾಯಲ್ಲಿಟ್ಟುಕೊಂಡು ಕುರ್ಚಿಯ ಮೇಲೆ ಕುಸಿದ. ಅದು ಗಿರಾಕಿಗಳ ಕುರ್ಚಿ. ಅವನು ಅದರ ಮೇಲೆ ಅದುವರೆಗೆ ಕೂತಿರಲೇ ಇಲ್ಲ. ಆದರೂ ಅಭ್ಯಾಸ ನೋಡಿ, ಸ್ವಲ್ಪ ಹೊತ್ತಿಗೆ ಬಾಯಿಂದ ಬೆರಳು ತೆಗೆದು ಮೆಲ್ಲಗೆ ಅಂದ: “ಈಗ ಒಂದರ ಕಿವಿ ಹರಿದಿದೆ. ಇನ್ನೊಂದು ನೆಟ್ಟಗಿದೆ. ಎರಡನ್ನೂ ಸಮವಾಗಿ ನೋಡೋಕೆ...”

“ರೀ!” ಅಂದಳು ಹೆಂಡತಿ.

ಗುಬ್ಬಿ ಅಮ್ಮನಿಗೆ ಸುಮ್ಮನಿರು ಅಂತ ಕೈ ಮಾಡಿದಳು. ಡಬ್ಬಿಯನ್ನು ತೊಟ್ಟಿಯ ಪಕ್ಕದಲ್ಲಿ ದೀಪದ ಕೆಳಗೆ ಇಟ್ಟಳು. ಗೋಡೆಗೆ ನೇತುಹಾಕಿದ್ದ, ಬಂದವರ ಒಂದು ಕಣ್ಣು ಮುಚ್ಚಿಸುವ ಕಪ್ಪು ಚಮಚ ತಂದು ಅಪ್ಪನ ಕೈಗೆ ಕೊಟ್ಟಳು. “ಎಡಗಣ್ಣು ಮುಚ್ಕೋ. ಒತ್ತಬೇಡ. ಸುಮ್ಮನೆ ಮುಚ್ಕೋ” ಅಂದಳು. ದನಿ ಥೇಟು ಅವನದೇ.

ಅವನು ಮುಚ್ಚಿಕೊಂಡ.

ಗುಬ್ಬಿ ಬೆರಳು ತೊಟ್ಟಿಯ ಮೇಲಿಟ್ಟಳು. “ಇದಾ?” ಆಮೇಲೆ ಡಬ್ಬಿಯ ಮೇಲೆ. “ಅದಾ?”

ತೊಟ್ಟಿಯಲ್ಲಿ ಒಂದು ಪುಟ್ಟ ಪ್ರಾಣಿ ನಡುಗುತ್ತಿತ್ತು. ಡಬ್ಬಿಯಲ್ಲಿ ಇನ್ನೊಂದು ಪುಟ್ಟ ಪ್ರಾಣಿ ನಡುಗುತ್ತಿತ್ತು. ಎರಡರ ಎದೆಯೂ ಪುಕಪುಕ ಹೊಡೆದುಕೊಳ್ಳುತ್ತಿತ್ತು. ಎರಡೂ ನಡುಗುತ್ತಿದ್ದದ್ದು ತನ್ನಿಂದಲೇ. ಅವನ ತೆರೆದ ಕಣ್ಣಲ್ಲಿ ನೀರು ತುಂಬಿತು, ಬಣ್ಣ ಬಣ್ಣಕ್ಕೆ ಸೇರಿಹೋಯಿತು.

“ಮತ್ತೆ ನೋಡು ಅಪ್ಪ. ಇದಾ? ಅದಾ?”

“ಎರಡೂ...” ಅಂದ. “ಎರಡೂ ಒಂದೇ ಥರ ಕಾಣ್ತಿದೆ ಕಣವ್ವ.”

“ಹಾಗಾದ್ರೆ ನಂಬರ್ ಸಿಕ್ತು” ಅಂದಳು ಗುಬ್ಬಿ. “ಇನ್ನು ನಿಲ್ಲಿಸಬೇಕು.”

ತೊಟ್ಟಿಯೊಳಗೆ ಅಂಗೈ ಚಾಚಿ, ಅಲ್ಲಾಡದೆ, ಕಾದಳು. ಹರಿದ ಕಿವಿಯದು ಬೆರಳು ಮೂಸಿತು, ಕನ್ನಡಕದ ಹೊಳಪು ನೋಡಲಿಲ್ಲ, ನಗಲಿಲ್ಲ, ಅಂಗೈ ಹತ್ತಿ ಕೂತಿತು.

ಮರುದಿನ ಅಪ್ಪ ಮಗಳು ಕೆನೆ ಬಣ್ಣದ್ದನ್ನು ವಾಪಸ್ ಕೊಡಲು ಹೋದರು. ಬೆರಳಿಗೆ ಕಟ್ಟಿದ ಬಟ್ಟೆ ನೋಡಿದ ಅಕ್ಕ ಏನಾಯಿತು ಅಂತ ಕೇಳಲಿಲ್ಲ. ಗೊತ್ತಾಯಿತು ಅನ್ನುವ ಹಾಗೆ ಮೂರು ಸಲ ಸೀನಿದಳು. ಆಮೇಲೆ, “ಓಡೋಕೆ ಚಕ್ರ ಬೇಕಲ್ಲ ಸಾರ್ ಅದಕ್ಕೆ? ಎರಡು ಥರ ಇದೆ” ಅಂತ ಮರದ್ದೊಂದು, ಪ್ಲಾಸ್ಟಿಕ್ಕಿನದೊಂದು ತಂದು ಮೇಜಿನ ಮೇಲಿಟ್ಟಳು.

ಅಪ್ಪನ ಕಣ್ಣು ಹೊಳೆಯಿತು. ಮರದ್ದನ್ನು ಎತ್ತಿದ, ತಿರುಗಿಸಿದ, ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿದ. ಇಳಿಸಿದ. ಪ್ಲಾಸ್ಟಿಕ್ಕಿನದನ್ನು ಎತ್ತಿದ. ತುಟಿ ಇನ್ನೇನು ಬಿಚ್ಚಬೇಕು, ಪಕ್ಕದಲ್ಲಿ ಗುಬ್ಬಿ ತೆಗೆದೇಬಿಡುವವಳ ಹಾಗೆ ಕನ್ನಡಕವನ್ನು ಮೂಗಿನ ತುದಿಯವರೆಗೂ ಜಾರಿಸಿದಳು.

“ಇದೇ, ಇದೇ!” ಅಂದ ಅಪ್ಪ. “ಕಟ್ಟಿಕೊಡಿ ಅಕ್ಕಾ, ಬೇಗ!”

ಯಾವುದು ಕೈಯಲ್ಲಿದೆ ಅಂತ ಅವನು ನೋಡಲೂ ಇಲ್ಲ.